ಲ್ಯಾಟಿನ್ ಬಾರದಿದ್ದರೂ ಓಸ್ಕನ್ ಶಾಸನ ಓದುವ ಬಗೆ

ಇಟಲಿಯ ಪಾಂಪೆ ಎಂದರೆ ನಮಗೆ ನೆನಪಾಗುವುದು ವೆಸೂವಿಯಸ್ ಜ್ವಾಲಾಮುಖಿ, ಬೂದಿ ಮತ್ತು ಕ್ರಿ.ಶ. 79. ಕ್ರಿ.ಪೂ. 80ರಲ್ಲಿ ರೋಮನ್ನರ ವಸಾಹತಾಗುವ ಮೊದಲು ಆ ಊರು ತನ್ನ ಸಾರ್ವಜನಿಕ ಶಾಸನಗಳನ್ನು ಕೊರೆಸುತ್ತಿದ್ದುದು ಲ್ಯಾಟಿನ್‌ನಲ್ಲಲ್ಲ, ಓಸ್ಕನ್ ಭಾಷೆಯಲ್ಲಿ. ಅಂಥದ್ದೊಂದು ಕಲ್ಲು ಈಗ ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿದೆ. ಅದರ ಮೇಲಿರುವುದು ಎರಡು ಡಜನ್‌ನಷ್ಟು ಪದಗಳು. ಈ ಲೇಖನ ಓದಿ ಮುಗಿಸುವಷ್ಟರಲ್ಲಿ ನೀವು ಆ ಕಲ್ಲನ್ನು ಪದಪದವಾಗಿ ಓದಬಲ್ಲಿರಿ. ಅದಕ್ಕೆ ಲ್ಯಾಟಿನ್ ಬೇಕಾಗಿಲ್ಲ. ಶಾಲೆಯಲ್ಲಿ ಕಲಿತ ಕನ್ನಡ ವಿಭಕ್ತಿಗಳು ಮತ್ತು ಕನ್ನಡಕ್ಕೆ ಬಂದು ಸೇರಿರುವ ಒಂದಿಷ್ಟು ಸಂಸ್ಕೃತ ಪದಗಳು ಸಾಕು.

ಇಂಗ್ಲಿಷ್ ಪುಸ್ತಕಗಳು ಓಸ್ಕನ್‌ನಂಥ ಹಳೆಯ ಇಟಲಿಯ ಭಾಷೆಗಳನ್ನು ಲ್ಯಾಟಿನ್‌ನ ಬಾಗಿಲಿನಿಂದ ಪರಿಚಯಿಸುತ್ತವೆ. ಹಾಗೆ ಒಳಗೆ ಹೋದವರಿಗೆ ಓಸ್ಕನ್ ಎಂದರೆ ಕೆಟ್ಟುಹೋದ ಲ್ಯಾಟಿನ್ ಎಂಬ ಭಾವನೆ ಬಹಳ ಕಾಲ ಬಿಡುವುದಿಲ್ಲ. ನನಗೂ ಬಿಟ್ಟಿರಲಿಲ್ಲ.

ಮೊದಲ ಹೆಜ್ಜೆ: ನಕ್ಷೆ ಬರೆದುಕೊಳ್ಳಿ

ಇಟಲಿಯ ನಕ್ಷೆಯೊಂದನ್ನು ಕೈಯಲ್ಲೇ ಗೀಚಿಕೊಳ್ಳಿ. ಕಾಲ ಕ್ರಿ.ಪೂ. 400ರ ಆಸುಪಾಸು. ಟೈಬರ್ ನದಿ ಸಮುದ್ರ ಸೇರುವ ಕಡೆ ಒಂದು ಸಣ್ಣ ಗುಂಡು ಹಾಕಿ: ಲ್ಯಾಟಿನ್ ಇದ್ದದ್ದು ಅಷ್ಟರಲ್ಲೇ. ಅದರ ಉತ್ತರಕ್ಕೆ, ಇಂದಿನ ಚಿವಿತಾ ಕಾಸ್ತೆಲ್ಲಾನ ಇರುವ ಜಾಗದಲ್ಲಿ, ಲ್ಯಾಟಿನ್‌ನ ಒಡಹುಟ್ಟಾದ ಫಾಲಿಸ್ಕನ್. ಟೈಬರ್‌ನ ಪೂರ್ವದ ಬೆಟ್ಟಗಳಲ್ಲಿ ಉಂಬ್ರಿಯನ್. ಆಡ್ರಿಯಾಟಿಕ್ ಕಡೆಗೆ ದಕ್ಷಿಣ ಪಿಸೀನ್. ಕೆಳಗೆ ಅಪೆನೈನ್ ಪರ್ವತಸಾಲಿನಿಂದ ಹಿಡಿದು ಕಂಪಾನಿಯ, ಲುಕಾನಿಯದವರೆಗೂ (ಮುಂದೆ ಕ್ರಿ.ಪೂ. 3ನೆಯ ಶತಮಾನದಲ್ಲಿ ಸಿಸಿಲಿಯ ಮೆಸ್ಸೀನಾದವರೆಗೂ) ಸ್ಯಾಮ್ನೈಟರು ಮತ್ತು ಅವರ ಬಳಗದ ಓಸ್ಕನ್. ಹರವಿನಲ್ಲಿ ಆಗ ಲ್ಯಾಟಿನ್ ಓಸ್ಕನ್‌ನ ಮುಂದೆ ಕೂಸು.

ಇವೆಲ್ಲ ಇಟಾಲಿಕ್ ಭಾಷೆಗಳು, ಇಂಡೋ-ಯುರೋಪಿಯನ್ ಮನೆತನದವು. ಓಸ್ಕನ್, ಉಂಬ್ರಿಯನ್, ದಕ್ಷಿಣ ಪಿಸೀನ್ ಒಂದು ಕವಲು. ಲ್ಯಾಟಿನ್, ಫಾಲಿಸ್ಕನ್ ಇನ್ನೊಂದು. ನಡುವೆ ಕೂತ ಎಟ್ರಸ್ಕನ್ ಈ ಮನೆತನದ್ದಲ್ಲ. ಲಿಪಿ ಒಂದೇ ತೆರನಾಗಿ ಕಾಣುವುದರಿಂದ ಹೊಸಬರು ಇಲ್ಲೇ ಎಡವುತ್ತಾರೆ. ಓಸ್ಕನ್ನರು ಅಕ್ಷರ ಕಲಿತದ್ದು ಎಟ್ರಸ್ಕನ್ನರಿಂದ, ಭಾಷೆಯನ್ನಲ್ಲ. ಇಟಲಿಯ ಹಿಮ್ಮಡಿಯಲ್ಲಿದ್ದ ಮೆಸ್ಸಾಪಿಕ್ ಇಂಡೋ-ಯುರೋಪಿಯನ್ ಹೌದು, ಇಟಾಲಿಕ್ ಅಲ್ಲ. ಈಶಾನ್ಯದ ವೆನೆಟಿಕ್ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ, ನಾವು ಅದರ ಮಧ್ಯೆ ಹೋಗುವುದು ಬೇಡ.

ಎರಡನೆಯ ಹೆಜ್ಜೆ: ಅಚ್ಚಿನ ಗುಟ್ಟುಗಳನ್ನು ತಿಳಿಯಿರಿ

ಓಸ್ಕನ್ ಬರೆದದ್ದು ಮೂರು ಲಿಪಿಗಳಲ್ಲಿ: ತಮ್ಮದೇ ಲಿಪಿ, ದಕ್ಷಿಣದಲ್ಲಿ ಗ್ರೀಕ್, ಕೊನೆಗಾಲದಲ್ಲಿ ಲ್ಯಾಟಿನ್. ಪುಸ್ತಕಗಳಲ್ಲಿ ಇವನ್ನೆಲ್ಲ ರೋಮನ್ ಅಕ್ಷರಕ್ಕೆ ಇಳಿಸಿರುತ್ತಾರೆ. ಸ್ವಂತ ಲಿಪಿಯಲ್ಲಿದ್ದುದನ್ನು ದಪ್ಪ ಅಕ್ಷರದಲ್ಲಿಯೂ ಲ್ಯಾಟಿನ್ ಲಿಪಿಯಲ್ಲಿದ್ದುದನ್ನು ಓರೆ ಅಕ್ಷರದಲ್ಲಿಯೂ ಅಚ್ಚು ಮಾಡುವುದು ರೂಢಿ. ಓರೆ ಅಕ್ಷರಕ್ಕೆ ಇಟಾಲಿಕ್ ಎಂಬ ಹೆಸರು ಬಂದದ್ದು ಸಾವಿರಾರು ವರ್ಷಗಳ ನಂತರ, ವೆನಿಸ್‌ನ ಮುದ್ರಣಾಲಯದಿಂದ. ಈ ಜನರಿಗೂ ಅದಕ್ಕೂ ಸಂಬಂಧವಿಲ್ಲ.

ಚೌಕ ಕಂಸದೊಳಗೆ ಇರುವುದು ಕಲ್ಲಿನಲ್ಲಿ ಒಡೆದುಹೋಗಿ ಸಂಪಾದಕರು ತುಂಬಿದ ಭಾಗ. ದುಂಡು ಕಂಸದೊಳಗೆ ಇರುವುದು ಸಂಕ್ಷೇಪವನ್ನು ಬಿಡಿಸಿ ಬರೆದದ್ದು. ಅಕ್ಷರದ ಕೆಳಗೆ ಚುಕ್ಕಿ ಇದ್ದರೆ ಆ ಅಕ್ಷರ ಸ್ಪಷ್ಟವಿಲ್ಲ. ಚೌಕ ಕಂಸದೊಳಗಿನ ಮಾತನ್ನು ಸಾಕ್ಷಿಯೆಂದು ಎಂದೂ ಬಳಸಬೇಡಿ.

ಇನ್ನೊಂದು ಗುಟ್ಟು ಸ್ವರಗಳದು. ರೋಮನ್ ಅಚ್ಚಿನಲ್ಲಿ ಕೆಲವು ಸ್ವರಗಳ ತಲೆಯ ಮೇಲೆ ಓರೆಗೆರೆ ಕಾಣುತ್ತದೆ. ಅದು ಒತ್ತಿ ಹೇಳುವ ಗುರುತಲ್ಲ, ಬೇರೆಯೇ ಅಕ್ಷರ. ಇ ಮತ್ತು ಎ ನಡುವಿನ ಒಂದು ಧ್ವನಿಗೂ ಒ ಧ್ವನಿಗೂ ಓಸ್ಕನ್ನರು ಹಳೆಯ ಅಕ್ಷರಗಳಿಗೆ ಒಂದು ಗೀಟು, ಒಂದು ಚುಕ್ಕಿ ಸೇರಿಸಿ ಹೊಸ ಅಕ್ಷರ ಮಾಡಿಕೊಂಡರು. ಈ ಲೇಖನದಲ್ಲಿ ಮೊದಲನೆಯದನ್ನು ಇ ಎಂದೂ ಎರಡನೆಯದನ್ನು ಒ ಎಂದೂ ಬರೆದಿದ್ದೇನೆ. ಫ ಎಂದಿದ್ದರೆ ಫೋನಿನ ಫ ಎಂದು ಓದಿಕೊಳ್ಳಿ.

ಮೂರನೆಯ ಹೆಜ್ಜೆ: ಬಲದಿಂದ ಎಡಕ್ಕೆ

ಕಲ್ಲಿನ ಚಿತ್ರ ಸಿಕ್ಕರೆ ಬಲತುದಿಯಿಂದ ಆರಂಭಿಸಿ. ಪದಗಳ ನಡುವೆ ಚುಕ್ಕಿ ಇರುತ್ತದೆ. ಹಳಗನ್ನಡ ಶಾಸನಗಳ ಒತ್ತೊತ್ತು ಬರಹದಲ್ಲಿ ಪದ ಬಿಡಿಸಿ ಸುಸ್ತಾದವರಿಗೆ ಈ ಚುಕ್ಕಿಗಳನ್ನು ನೋಡಿದರೆ ಹೊಟ್ಟೆಕಿಚ್ಚಾಗಬೇಕು. ಮೊದಲ ಅಕ್ಷರಭಾಗದ ಸ್ವರ ದೀರ್ಘವಾಗಿದ್ದರೆ ಅದನ್ನು ಎರಡು ಸಲ ಬರೆಯುತ್ತಾರೆ.

ಅಕ್ಷರಗಳಲ್ಲಿ ಹೆಚ್ಚಿನವು ಕನ್ನಡಿಯಲ್ಲಿ ಕಂಡ ರೋಮನ್ ಅಕ್ಷರಗಳಂತೆಯೇ ಇವೆ. ಎರಡರಲ್ಲಿ ಮಾತ್ರ ಮೋಸವಿದೆ: ಇಂಗ್ಲಿಷಿನ ಆರ್ ಹಾಗೆ ಕಾಣುವುದು ದ, ಡಿ ಹಾಗೆ ಕಾಣುವುದು ರ. ಅಂಕಿ ಎಂಟರಂತೆ ಕಾಣುವುದು ಫ. ಈ ದ-ರ ಅದಲುಬದಲು ಗೊತ್ತಿಲ್ಲದೆ ನಾನು ಮೊದಲ ಸಲ ಒಂದು ಪದವನ್ನು ‘ರೆರೆರ್’ ಎಂದು ಓದಿ, ಇದೆಂಥ ಭಾಷೆಯಪ್ಪಾ ಎಂದು ಒಂದು ಸಂಜೆ ಹಾಳುಮಾಡಿಕೊಂಡೆ. ಅದು ‘ದೆದೆದ್’. ಅರ್ಥ, ಕೊಟ್ಟನು. ಸಂಸ್ಕೃತದ ದದಾತಿ, ದದೌ ನೆನಪಿಸಿಕೊಳ್ಳಿ: ಮೊದಲ ಅಕ್ಷರವನ್ನು ಇಮ್ಮಡಿಸಿ ಕ್ರಿಯಾಪದ ಕಟ್ಟುವ ಅದೇ ಹಳೆಯ ಪದ್ಧತಿ.

ನಾಲ್ಕನೆಯ ಹೆಜ್ಜೆ: ಕಲ್ಲನ್ನು ಎದುರಿಗಿಟ್ಟುಕೊಳ್ಳಿ

ಪಾಂಪೆಯ ವ್ಯಾಯಾಮಶಾಲೆಯಲ್ಲಿ ಸಿಕ್ಕ ಆ ಶಾಸನದ ಪೂರ್ತಿ ಪಾಠ ಇದು. ಕಾಲ ಕ್ರಿ.ಪೂ. 2ನೆಯ ಶತಮಾನ. ಗಟ್ಟಿಯಾಗಿ ಎರಡು ಸಲ ಓದಿ:

ವಿ. ಆದಿರಾನ್ಸ್ ವಿ. ಎಯ್ತಿಯುವಮ್ ಪಾಮ್ ವೆರೆಯ್ಯಾಯ್ ಪೊಂಪಯ್ಯಾನಾಯ್ ತ್ರಿಸ್ತಾಮೆಂತೂದ್ ದೆದೆದ್, ಎಯ್ಸಾಕ್ ಎಯ್ತಿಯುವಾದ್ ವಿ. ವೀನಿಕೀಸ್ ಮರ್. ಕ್ವಾಯ್‌ಸ್ತುರ್ ಪೊಂಪಯ್ಯಾನ್ಸ್ ತ್ರೀಬೊಮ್ ಎಕಾಕ್ ಕೊಂಬೆನ್ನಿಯೆಯ್ಸ್ ತಂಗಿನೂದ್ ಒಪ್ಸಾನ್ನಮ್ ದೆದೆದ್, ಇಸಿದುಮ್ ಪ್ರೊಫಾತ್ತೆದ್.

ಅಲ್ಪವಿರಾಮಗಳು ನನ್ನವು. ಮೊದಲು ಹೆಸರುಗಳನ್ನು ಬೇರ್ಪಡಿಸಿ. ವಿ. ಎಂದರೆ ವಿಬಿಯಸ್, ಮರ್. ಎಂದರೆ ಮರಾಸ್. ಓಸ್ಕನ್ ಹೆಸರಿನ ಕ್ರಮ ಹೀಗೆ: ಸ್ವಂತ ಹೆಸರು, ಮನೆತನದ ಹೆಸರು, ಆಮೇಲೆ ತಂದೆಯ ಹೆಸರಿನ ಮೊದಲಕ್ಷರ. ‘ಮಗ’ ಎಂಬ ಪದವನ್ನು ಬರೆಯುವುದಿಲ್ಲ. ಹಾಗಾಗಿ ‘ವಿ. ಆದಿರಾನ್ಸ್ ವಿ.’ ಎಂದರೆ ವಿಬಿಯಸ್‌ನ ಮಗ ವಿಬಿಯಸ್ ಆದಿರಾನ. ಇನಿಷಿಯಲ್ಲು ನಮ್ಮಲ್ಲಿ ಮುಂದೆ, ಅವರಲ್ಲಿ ಹಿಂದೆ. ಉಂಬ್ರಿಯನ್ನರು ಇದನ್ನು ನಡುವೆ ಇಡುತ್ತಿದ್ದರು ಎಂಬುದೂ ಗೊತ್ತಿರಲಿ. ಹೆಸರೊಂದನ್ನೇ ನೋಡಿ ಶಾಸನ ಯಾರದೆಂದು ಊಹಿಸಲು ಇದು ಬಳಕೆಗೆ ಬರುತ್ತದೆ.

ಐದನೆಯ ಹೆಜ್ಜೆ: ಪದ ಬಿಡಿ, ಬಾಲ ಹಿಡಿಯಿರಿ

ಪದದ ಅರ್ಥ ಹುಡುಕಲು ಆತುರ ಬೇಡ. ಮೊದಲು ಪ್ರತ್ಯಯಗಳ ಕೆಳಗೆ ಗೆರೆ ಎಳೆಯಿರಿ. ‘ಅಮ್’ ಕೊನೆಯಲ್ಲಿದ್ದರೆ ಕನ್ನಡದ ‘ಅನ್ನು’. ‘ಆಯ್’ ಇದ್ದರೆ ‘ಗೆ’ ಅಥವಾ ‘ಕ್ಕೆ’. ‘ಆದ್’, ‘ಊದ್’ ಇದ್ದರೆ ‘ಇಂದ’. ‘ಎಯ್ಸ್’ ಇದ್ದರೆ ‘ಅ’, ಅಂದರೆ ಷಷ್ಠಿ. ಬರಿಯ ‘ಸ್’ ಇದ್ದರೆ ಸಾಮಾನ್ಯವಾಗಿ ಕರ್ತೃ. ಹಳೆಯ ಲ್ಯಾಟಿನ್‌ನಲ್ಲೂ ‘ಇಂದ’ ಅರ್ಥದ ಈ ದಕಾರ ಇತ್ತು, ಆಮೇಲೆ ಉದುರಿಹೋಯಿತು. ಓಸ್ಕನ್ ಕೊನೆಯವರೆಗೂ ಉಳಿಸಿಕೊಂಡಿತು.

ಈಗ ಅರ್ಥ ಗೊತ್ತಿಲ್ಲದೆಯೇ ಎಲುಬುಗೂಡು ಕಾಣುತ್ತದೆ: ಆದಿರಾನನು ಏನೋ ಒಂದನ್ನು, ಪಾಂಪೆಯ ಏನೋ ಒಂದಕ್ಕೆ, ಏನೋ ಒಂದರಿಂದ ಕೊಟ್ಟನು, ಅದರಿಂದ ವೀನಿಕಿಯು, ಯಾವುದರದೋ ಏನೋ ಒಂದರಿಂದ, ಏನೋ ಒಂದನ್ನು ಕೊಟ್ಟನು. ಪ್ರತ್ಯಯ ಬಲ್ಲ ಭಾಷೆಯವರಿಗೆ ಇಷ್ಟು ಸಲೀಸು. ‘ಇದರಿಂದ’, ‘ಅದಕ್ಕೆ’ ಎಂದು ದಿನವೂ ಪದದ ಬಾಲ ಹಿಡಿದು ಮಾತಾಡುವವರು ನಾವು.

ಆರನೆಯ ಹೆಜ್ಜೆ: ಮೂರು ಧ್ವನಿ ನಿಯಮ

ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಒಂದು ಪದದಲ್ಲಿ ಆದದ್ದು ಅದೇ ಸ್ಥಿತಿಯ ಎಲ್ಲ ಪದಗಳಲ್ಲೂ ಆಗುತ್ತದೆ ಎಂಬುದು ನಮಗೆ ಹೊಸದಲ್ಲ. ಓಸ್ಕನ್‌ಗೂ ಅಂಥ ನಿಯಮಗಳಿವೆ. ನಮ್ಮ ಕೆಲಸಕ್ಕೆ ಮೂರು ಸಾಕು.

ಮೊದಲನೆಯದು. ಲ್ಯಾಟಿನ್‌ನಲ್ಲಿ ‘ಕ್ವ’ ಇದ್ದಲ್ಲಿ ಓಸ್ಕನ್, ಉಂಬ್ರಿಯನ್‌ಗಳಲ್ಲಿ ‘ಪ’. ಸಂಸ್ಕೃತದಲ್ಲಿ ಅಲ್ಲಿ ಕ ಅಥವಾ ಚ ಇರುತ್ತದೆ. ಸಂಸ್ಕೃತದ ‘ಕಃ’, ಅಂದರೆ ಯಾರು, ಲ್ಯಾಟಿನ್‌ನಲ್ಲಿ ‘ಕ್ವಿಸ್’, ಓಸ್ಕನ್‌ನಲ್ಲಿ ‘ಪಿಸ್’. ‘ಚತುರ್’ ಲ್ಯಾಟಿನ್‌ನಲ್ಲಿ ‘ಕ್ವಾತ್ತುಓರ್’, ಉಂಬ್ರಿಯನ್‌ನಲ್ಲಿ ‘ಪೆತುರ್’. ಹಾಗಾದರೆ ನಮ್ಮ ಶಾಸನದ ‘ಪಾಮ್’ ಏನು? ‘ಯಾವುದನ್ನು’. ಪಾಂಪೆ ಎಂಬ ಊರ ಹೆಸರೇ ಐದು ಎಂಬ ಅರ್ಥದ ‘ಪೊಂಪೆ’ಯಿಂದ ಬಂದಿದೆ ಎಂಬ ವಾದವೂ ಇದೆ, ಲ್ಯಾಟಿನ್‌ನಲ್ಲಿ ಐದಕ್ಕೆ ‘ಕ್ವಿಂಕ್ವೆ’, ಸಂಸ್ಕೃತದಲ್ಲಿ ‘ಪಂಚ’.

ಈ ನಿಯಮದ ಸೊಗಸು ಅದು ಮುರಿದಾಗ ತಿಳಿಯುತ್ತದೆ. ತೋಳಕ್ಕೆ ಸಂಸ್ಕೃತದಲ್ಲಿ ವೃಕ. ಭೀಮನಿಗೆ ವೃಕೋದರ ಎಂಬ ಹೆಸರು ಅದರಿಂದಲೇ. ನಿಯಮದಂತೆ ಲ್ಯಾಟಿನ್‌ನಲ್ಲಿ ಕ್ವಕಾರ ಇರಬೇಕಿತ್ತು. ಆದರೆ ಲ್ಯಾಟಿನ್ ಪದ ‘ಲೂಪುಸ್’, ಅಲ್ಲಿ ಪಕಾರವಿದೆ. ಅಂದರೆ ಪದ ಬೆಟ್ಟದ ಕಡೆಯ ನೆರೆಯವರಿಂದ ಬಂದದ್ದು ಎಂದೇ ಭಾಷಾತಜ್ಞರ ತೀರ್ಮಾನ. ರೋಮ್ ಕಟ್ಟಿದನೆಂಬ ಕಥೆಯ ರೋಮುಲಸ್‌ಗೆ ಹಾಲೂಡಿಸಿದ ತೋಳದ ಹೆಸರೇ ರೋಮಿನ ಸ್ವಂತದ್ದಲ್ಲ!

ನಮ್ಮ ಕಲ್ಲಿನಲ್ಲಿ ಇದರ ಉಲ್ಟಾ ಉದಾಹರಣೆ ಇದೆ. ‘ಕ್ವಾಯ್‌ಸ್ತುರ್’ ಪದದಲ್ಲಿ ಕ್ವಕಾರ ಹಾಗೆಯೇ ಉಳಿದಿದೆ. ಓಸ್ಕನ್ ಪದವಾಗಿದ್ದರೆ ಅದು ಪಕಾರ ಆಗಿರಬೇಕಿತ್ತು. ಆದ್ದರಿಂದ ಇದು ರೋಮಿನ ‘ಕ್ವೇಸ್ಟರ್’ ಎಂಬ ಖಜಾನೆ ಅಧಿಕಾರಿಯ ಹುದ್ದೆಯ ಹೆಸರಿನ ಎರವಲು. ನಾವು ತಹಸೀಲ್ದಾರ, ಕಲೆಕ್ಟರ್ ಎನ್ನುವಂತೆ ಅವರೂ ಹುದ್ದೆಯ ಹೆಸರನ್ನು ಬಲಶಾಲಿ ನೆರೆಯವನಿಂದ ತಂದುಕೊಂಡಿದ್ದರು.

ಎರಡನೆಯದು. ಸಂಸ್ಕೃತದ ಗಕಾರ ಕೆಲವು ಪದಗಳಲ್ಲಿ ಓಸ್ಕನ್, ಉಂಬ್ರಿಯನ್‌ಗಳ ಬಕಾರಕ್ಕೆ ಸಮ. ‘ಗೋ’ ಎಂಬುದಕ್ಕೆ ಉಂಬ್ರಿಯನ್‌ನಲ್ಲಿ ‘ಬುಫ್’, ಎತ್ತುಗಳನ್ನು. ‘ಗಮ್’ ಧಾತು ಓಸ್ಕನ್‌ನಲ್ಲಿ ‘ಬೆನ್’, ಲ್ಯಾಟಿನ್‌ನಲ್ಲಿ ‘ವೆನ್’. ಈಗ ‘ಕೊಂಬೆನ್ನಿಯೆಯ್ಸ್’ ನೋಡಿ: ಕೊಮ್ ಅಂದರೆ ಜೊತೆ, ಬೆನ್ ಅಂದರೆ ಬರು, ಎಯ್ಸ್ ಷಷ್ಠಿ. ಒಟ್ಟಿಗೆ ಬಂದು ಸೇರಿದ್ದರ, ಅಂದರೆ ಸಭೆಯ. ನಾವು ಸಂಗಮ ಎನ್ನುವುದು ಇದೇ ಅಚ್ಚಿನಲ್ಲಿ ಕಟ್ಟಿದ ಪದ.

ಮೂರನೆಯದು. ಸಂಸ್ಕೃತದ ಭ, ಧ ಪದದ ನಡುವೆ ಬಂದರೆ ಇವರಲ್ಲಿ ಫ. ಮಧ್ಯ ಎಂಬುದಕ್ಕೆ ಓಸ್ಕನ್ ‘ಮೆಫಿಯಾಯ್’, ಅಂದರೆ ಮಧ್ಯದಲ್ಲಿರುವ ಒಂದರಲ್ಲಿ. ರುಧಿರದ ಬಳಗದ, ಕೆಂಪು ಎಂಬ ಅರ್ಥದ ಪದ ಲ್ಯಾಟಿನ್‌ನಲ್ಲಿ ‘ರುಬೆರ್’. ರೋಮನ್ನರ ನಡುವೆ ಓಡಾಡುತ್ತಿದ್ದ ‘ರೂಫುಸ್’ ಎಂಬ ಇನ್ನೊಂದು ರೂಪ ಅದೇ ನೆರೆಯ ಎರವಲು. ನಮ್ಮ ‘ಪ್ರೊಫಾತ್ತೆದ್’ ಲ್ಯಾಟಿನ್‌ನಲ್ಲಿ ‘ಪ್ರೊಬಾವಿತ್’: ಒಪ್ಪಿದನು, ಸರಿಯಿದೆ ಎಂದನು.

ಏಳನೆಯ ಹೆಜ್ಜೆ: ಉಳಿದ ಪದಗಳು

‘ತ್ರಿಸ್ತಾಮೆಂತೂದ್’ ಪದವನ್ನು ನಿಧಾನವಾಗಿ ಬಿಡಿಸಿ. ತ್ರಿ ಗೊತ್ತು. ಸ್ತಾ ಎಂದರೆ ಸ್ಥಾ, ನಿಲ್ಲು. ಇಬ್ಬರ ವ್ಯವಹಾರಕ್ಕೆ ಮೂರನೆಯವನಾಗಿ ನಿಂತವನು ಸಾಕ್ಷಿ. ಸಾಕ್ಷಿ ಇಟ್ಟು ಮಾಡಿದ್ದು ಉಯಿಲು. ಲ್ಯಾಟಿನ್‌ನ ‘ತೆಸ್ತಾಮೆಂತುಮ್’ ಇದೇ ಪದ, ಅಲ್ಲಿ ತ್ರಿ ಸವೆದು ತೆ ಆಗಿ ಯಾರಿಗೂ ಕಾಣದಂತಾಗಿದೆ. ಓಸ್ಕನ್‌ನಲ್ಲಿ ಮೂರನೆಯವನು ಇನ್ನೂ ನಿಂತೇ ಇದ್ದಾನೆ.

‘ಎಯ್ತಿಯುವ’ ಎಂದರೆ ಹಣ. ‘ತಂಗಿನ್’ ಎಂದರೆ ನಿರ್ಣಯ. ‘ವೆರೆಯ್ಯ’ ಊರಿನ ಯುವಕರ ಸಂಘ ಎಂದು ಸಾಮಾನ್ಯವಾಗಿ ಅರ್ಥೈಸುತ್ತಾರೆ. ‘ತ್ರೀಬೊಮ್’ ಕಟ್ಟಡವನ್ನು, ‘ಎಕಾಕ್’ ಈ. ‘ಒಪ್ಸಾನ್ನಮ್’ ಮಾಡಬೇಕಾದುದನ್ನು, ಲ್ಯಾಟಿನ್‌ನಲ್ಲಿ ‘ಒಪೆರಾಂದಮ್’ ಎಂದು ಬರುವ ಕಡೆ ಇಲ್ಲಿ ಂದ ಹೋಗಿ ನ್ನ ಆಗಿದೆ. ದಕ್ಷಿಣ ಇಟಲಿಯ ಆಡುಮಾತಿನಲ್ಲಿ ಇಂದಿಗೂ ‘ಕ್ವಾಂದೋ’ ಬದಲು ‘ಕ್ವಾನ್ನೋ’ ಎನ್ನುವುದು ಓಸ್ಕನ್‌ನ ಉಳಿಕೆ ಎಂದು ಕೆಲವರು ಹೇಳುತ್ತಾರೆ. ‘ಇಸಿದುಮ್’ ಎಂದರೆ ಅವನೇ.

ಎಂಟನೆಯ ಹೆಜ್ಜೆ: ಕನ್ನಡಕ್ಕೆ ಇಳಿಸಿ, ಇಂಗ್ಲಿಷ್ ದಾರಿ ಬಿಟ್ಟು

ಇಂಗ್ಲಿಷ್ ಅನುವಾದವನ್ನು ಮುಂದಿಟ್ಟುಕೊಂಡರೆ ವಾಕ್ಯವನ್ನು ತಿರುಗಿಸಿ ಮುರುಗಿಸಿ ಕಟ್ಟಿರುತ್ತಾರೆ. ಓಸ್ಕನ್ ಸಾಲಿನ ಕೆಳಗೆ ನೇರ ಕನ್ನಡ ಪದಗಳನ್ನು ಬರೆಯುತ್ತ ಹೋಗಿ:

ವಿ. ಆದಿರಾನನು, ವಿ.ಯ ಮಗ, ಯಾವ ಹಣವನ್ನು ಪಾಂಪೆಯ ಯುವಕರ ಸಂಘಕ್ಕೆ ಉಯಿಲಿನಿಂದ ಕೊಟ್ಟನೋ, ಆ ಹಣದಿಂದ ವಿ. ವೀನಿಕಿಯು, ಮರ್.ನ ಮಗ, ಪಾಂಪೆಯ ಕ್ವೇಸ್ಟರ್, ಈ ಕಟ್ಟಡವನ್ನು ಸಭೆಯ ನಿರ್ಣಯದಿಂದ ಕಟ್ಟಲು ಕೊಟ್ಟನು, ತಾನೇ ಒಪ್ಪಿದನು.

ನೋಡಿ, ಅನುಕ್ರಮ ಹೆಚ್ಚುಕಡಿಮೆ ಹಾಗೆಯೇ ಕೂತಿತು. ಕ್ರಿಯಾಪದ ಕೊನೆಗೆ. ‘ಯಾವ... ಆ’ ಜೋಡಿ ಕಲ್ಲಿನಲ್ಲೇ ಇದೆ. ‘ಕಟ್ಟಲು ಕೊಟ್ಟನು’ ಎಂಬ ಗುತ್ತಿಗೆಯ ಮಾತೂ ನಮ್ಮದರಂತೆಯೇ. ಜಾಗ ಬದಲಾದದ್ದು ವಿಶೇಷಣಗಳು ಮಾತ್ರ: ಅವರು ‘ಸಂಘಕ್ಕೆ ಪಾಂಪೆಯ’, ‘ಕಟ್ಟಡವನ್ನು ಈ’ ಎಂದು ಹಿಂದೆ ಇಡುತ್ತಾರೆ. ಇನ್ನು ಗುತ್ತಿಗೆ ಕೊಟ್ಟವನೂ ವೀನಿಕಿ, ಕೆಲಸ ಸರಿಯಾಗಿದೆ ಎಂದು ಒಪ್ಪಿದವನೂ ವೀನಿಕಿ. ರೋಮನ್ ಶಾಸನಗಳಲ್ಲೂ ಇದೇ ಸಿದ್ಧವಾಕ್ಯ ಬರುತ್ತದೆ, ಅಕ್ರಮವೆಂದು ಯಾರೂ ಅರ್ಜಿ ಹಾಕಿದಂತೆ ಕಾಣುವುದಿಲ್ಲ.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಪದಗಳ ಅನುಕ್ರಮ ಹೊಂದಿತೆಂದು ಕನ್ನಡ ಮತ್ತು ಓಸ್ಕನ್ ನಂಟರಲ್ಲ. ಕನ್ನಡ ದ್ರಾವಿಡ, ಓಸ್ಕನ್ ಇಂಡೋ-ಯುರೋಪಿಯನ್. ಸಂಸ್ಕೃತದ ಪದಗಳು ನಮಗೆ ಕೀಲಿಕೈ ಆದದ್ದು ಅವು ನಮ್ಮಲ್ಲಿಗೆ ಎರವಲು ಬಂದು ಕೂತಿರುವುದರಿಂದ. ‘ತಂಗಿನೂದ್’ ನೋಡಿ ತಂಗಿ, ‘ಒಪ್ಸಾನ್ನಮ್’ ನೋಡಿ ಒಪ್ಪಿಸು ಎಂದು ಶುರುಮಾಡಿದರೆ ಕೆಲಸ ಕೆಟ್ಟಿತು. ಪರೀಕ್ಷೆ ಸುಲಭ: ನಿಮ್ಮ ಹೋಲಿಕೆ ಕನಿಷ್ಠ ನಾಲ್ಕೈದು ಬೇರೆ ಪದಗಳಲ್ಲೂ ಅದೇ ಧ್ವನಿ ನಿಯಮದಿಂದ ನಿಲ್ಲುತ್ತದೆಯೇ? ಇಲ್ಲವಾದರೆ ಬಿಟ್ಟುಬಿಡಿ, ಎಷ್ಟೇ ಚೆಂದ ಕಂಡರೂ.

ಒಂಬತ್ತನೆಯ ಹೆಜ್ಜೆ: ಅಭ್ಯಾಸಕ್ಕೆ ಗೋಡೆ, ಕಂಚು, ಮತ್ತು ಒಂದು ಬಟ್ಟಲು

ಕ್ರಿ.ಪೂ. 91ರಲ್ಲಿ ಇಟಲಿಯ ಮಿತ್ರಜನರು ರೋಮಿನ ವಿರುದ್ಧ ಎದ್ದರು. ಕೊರ್ಫೀನಿಯಮ್ ಊರನ್ನು ರಾಜಧಾನಿ ಮಾಡಿಕೊಂಡು, ‘ವಿತೆಲಿಯೊ’ ಎಂದು ಓಸ್ಕನ್ ಅಕ್ಷರದಲ್ಲಿ ಬರೆದ ನಾಣ್ಯ ಹೊಡೆಸಿದರು. ಇಟಲಿ ಎಂಬ ಹೆಸರು ಅದೇ. ಕೆಲವು ನಾಣ್ಯಗಳಲ್ಲಿ ಗೂಳಿ ರೋಮಿನ ತೋಳವನ್ನು ತಿವಿಯುತ್ತಿದೆ. ಕ್ರಿ.ಪೂ. 89ರಲ್ಲಿ ರೋಮಿನ ಸೇನಾಪತಿ ಸುಲ್ಲಾ ಪಾಂಪೆಗೆ ಮುತ್ತಿಗೆ ಹಾಕಿದ. ಆ ದಿನಗಳವು ಎನ್ನಲಾದ ಬರಹಗಳು ಪಾಂಪೆಯ ಬೀದಿ ಮೂಲೆಯ ಗೋಡೆಗಳ ಮೇಲಿವೆ. ಒಂದು ಹೀಗಿದೆ:

ಎಕ್ಸೂಕ್ ಅಮ್ವಿಯಾನೂದ್ ಎಯ್ತುನ್ಸ್ ಅಂತೆರ್ ತಿಯುರ್ರಿ 12 ಇನಿ ವೆರು ಸರಿನು ಪುಫ್ ಫಾಮತ್ ಮರ್. ಆದಿರೀಸ್ ವಿ.

ನೀವೇ ಬಿಡಿಸಿ. ಊದ್ ಯಾವ ವಿಭಕ್ತಿ ಎಂದು ಗೊತ್ತು. ‘ಅಂತೆರ್’ ನಮ್ಮ ಅಂತರದ ಬಳಗ, ನಡುವೆ. ‘ಇನಿ’ ಮತ್ತು. ‘ವೆರು’ ಬಾಗಿಲು. ‘ಪುಫ್’ ಪಕಾರದ ನಿಯಮದಿಂದ ಎಲ್ಲಿ ಎಂಬ ಪದ. ಹೆಸರಿನ ಕ್ರಮ ಹೇಳಿಯಾಗಿದೆ. ಬಂದ ಉತ್ತರ ಇದಕ್ಕೆ ಹತ್ತಿರ ಇರಬೇಕು: ಈ ಸುತ್ತುದಾರಿಯಿಂದ ಹೋಗಿ, 12ನೆಯ ಗೋಪುರ ಮತ್ತು ಸರಿನು ಬಾಗಿಲ ನಡುವೆ, ವಿ.ಯ ಮಗ ಮರಾಸ್ ಆದಿರಿ ಇರುವಲ್ಲಿಗೆ. ಮುತ್ತಿಗೆಯ ಗದ್ದಲದಲ್ಲಿ ಸೈನಿಕರಿಗೆ ಬರೆದ ದಾರಿಗುರುತು.

ಇಷ್ಟು ಬಂದ ಮೇಲೆ ಉಂಬ್ರಿಯಾದ ಗುಬ್ಬಿಯೊ ಊರಿನ ಏಳು ಕಂಚಿನ ಫಲಕಗಳ ಕಡೆ ಹೋಗಬಹುದು. 1444ರಲ್ಲಿ ಸಿಕ್ಕ ಇವು ಈಗಲೂ ಅದೇ ಊರಿನ ಪಲಾತ್ಸೊ ದೇಯ್ ಕೊನ್ಸೊಲಿ ಕಟ್ಟಡದ ಸಂಗ್ರಹಾಲಯದಲ್ಲಿವೆ. ಅತಿಯೆಡಿಯ ಎಂಬ ಪುರೋಹಿತ ಸಂಘದ ಪೂಜಾವಿಧಿಗಳು ಇವುಗಳಲ್ಲಿವೆ: ಯಾವ ಬಾಗಿಲ ಮುಂದೆ ಯಾವ ದೇವರಿಗೆ ಎಷ್ಟು ಎತ್ತು, ಪಕ್ಷಿಶಕುನ ನೋಡುವವನು ಕೂತಾಗ ಯಾರೂ ಗುಸುಗುಸು ಮಾಡಬಾರದು, ಹೀಗೆ. ಸುರುವಿಗೆ ಲ್ಯಾಟಿನ್ ಲಿಪಿಯಲ್ಲಿರುವ ಆರು, ಏಳನೆಯ ಫಲಕಗಳನ್ನು ಹಿಡಿಯಿರಿ. ಒಂದನೆಯದರಲ್ಲಿ ಚುಟುಕಾಗಿ ಹೇಳಿದ್ದನ್ನೇ ಅಲ್ಲಿ ಬಿಡಿಸಿ ಹೇಳಿದೆ. ಓದುತ್ತ ಹೋದಾಗ ‘ವೆಯ್ರೋ ಪೆಕ್ವೋ’ ಎಂಬ ಜೋಡಿ ಎದುರಾಗುತ್ತದೆ, ಜನ ಮತ್ತು ದನ: ವೀರ, ಪಶು. ಇನ್ನೊಂದೆಡೆ ‘ದುಪುರ್ಸುಸ್ ಪೆತುರ್ಪುರ್ಸುಸ್’. ದ್ವಿಪದಗಳಿಗೆ, ಚತುಷ್ಪದಗಳಿಗೆ. ನಮ್ಮ ಪುರೋಹಿತರು ಶಾಂತಿಮಂತ್ರದಲ್ಲಿ ಹೇಳುವ ‘ಶಂ ನೋ ಅಸ್ತು ದ್ವಿಪದೇ ಶಂ ಚತುಷ್ಪದೇ’ ಕಿವಿಯಲ್ಲಿದ್ದವರಿಗೆ ಈ ಸಾಲಿಗೆ ನಿಘಂಟು ಬೇಡ.

ಕಂಚಿನ ಫಲಕ ಭಾರವೆನಿಸಿದರೆ ರೋಮಿನ ವಿಲ್ಲಾ ಜೂಲಿಯಾ ಸಂಗ್ರಹಾಲಯದ ಫಾಲಿಸ್ಕನ್ ಬಟ್ಟಲಿನಿಂದ ಮುಗಿಸಿ. ಫಾಲಿಸ್ಕನ್ ಲ್ಯಾಟಿನ್‌ನ ಒಡಹುಟ್ಟು, ಆದ್ದರಿಂದ ಕ್ವ-ಪ ನಿಯಮ ಇಲ್ಲಿ ಅನ್ವಯಿಸುವುದಿಲ್ಲ. ಅದರ ಮೇಲಿನ ಸಾಲು: ‘ಫೋಯೇದ್ ವೀನೋ ಪಿಪಾಫೋ ಕ್ರಾ ಕರೇಫೋ’. ‘ಫೋಯೇದ್’ ಎಂದರೆ ಇಂದು, ‘ಕ್ರಾ’ ಎಂದರೆ ನಾಳೆ, ‘ಫೋ’ ಭವಿಷ್ಯತ್ಕಾಲದ ಉತ್ತಮಪುರುಷ, ‘ಕರೇ’ ಎಂದರೆ ಇಲ್ಲದಿರು. ‘ವೀನೋ’ ಊಹಿಸಬಲ್ಲಿರಿ. ‘ಪಿಪಾ’ಕ್ಕೆ ಸುಳಿವು ಬೇಕಿದ್ದರೆ ಸಂಸ್ಕೃತದ ‘ಪಿಬತಿ’.